ಸ್ವಲ್ಪಕಾಲದ ಕೆಮ್ಮಿಗೆ ಕಫದ ಔಷಧ ಎಷ್ಟು ದಿನ?

ಮನೆಯಲ್ಲಿ ಯಾರಿಗಾದರೂ ಕೆಮ್ಮು ಬಂದರೆ ವೈದ್ಯರ ನೆನಪಿಗಿಂತ ಮೊದಲು ಸೀಸೆಯ ನೆನಪು ಬರುವುದು ನಮ್ಮ ಪಟ್ಟಣಗಳ ರೂಢಿಯಾಗಿದೆ. ಬೀದಿಯ ತಿರುವಿನಲ್ಲಿರುವ ಔಷಧದ ಅಂಗಡಿಯವರು ಚೀಟಿಯನ್ನು ಕೇಳದೆ ಅದನ್ನು ಕೊಡುತ್ತಾರೆ. ಬಣ್ಣ ಚೆನ್ನಾಗಿದೆ, ರುಚಿ ಸಿಹಿಯಾಗಿದೆ, ಬೆಲೆಯೂ ಹೆಚ್ಚೇನಲ್ಲ. ಎಷ್ಟು ಚಮಚೆ, ಊಟಕ್ಕೆ ಮೊದಲೋ ಅನಂತರವೋ ಎಂಬುದನ್ನೆಲ್ಲ ನಾವು ವಿಚಾರಿಸುತ್ತೇವೆ. ಎಂದಿನವರೆಗೆ ಕುಡಿಯಬೇಕೆಂಬುದನ್ನು ಮಾತ್ರ ವಿಚಾರಿಸುವುದಿಲ್ಲ. ಸೀಸೆ ಮುಗಿಯುವವರೆಗೆ ಎಂದು ಕೆಲವರು ಭಾವಿಸುತ್ತಾರೆ, ಕೆಮ್ಮು ನಿಲ್ಲುವವರೆಗೆ ಎಂದು ಹಲವರು. ಈ ಎರಡು ಉತ್ತರಗಳೂ ಸರಿಯಲ್ಲ. ಎರಡನೆಯದಂತೂ ಕೆಲವೊಮ್ಮೆ ಪ್ರಾಣಕ್ಕೆ ಎರವಾಗತಕ್ಕದ್ದು. ಅದು ಹೇಗೆಂಬುದನ್ನು ವಿವರಿಸುವುದೇ ಈ ಭಾಷಣದ ಉದ್ದೇಶ.

ಈ ವಿಷಯವನ್ನು ನಾವು ರಾಯಚೂರು ಸೀಮೆಯನ್ನು ಕಣ್ಣಮುಂದಿಟ್ಟುಕೊಂಡು ಹೇಳಬಯಸುತ್ತೇವೆ. ಕೃಷ್ಣೆ ತುಂಗಭದ್ರೆಯರ ನಡುವಣ ಈ ನಾಡಿನಲ್ಲಿ ಕೆಮ್ಮು ಬರಲು ಶೀತವೊಂದೇ ಕಾರಣವಲ್ಲ. ಕೃಷ್ಣೆಯ ದಡದ ದೇವಸುಗೂರು ಸೂಗೂರೇಶ್ವರನ ಕ್ಷೇತ್ರವೆಂದು ಹಿಂದಿನಿಂದ ಹೆಸರಾಗಿದ್ದ ಊರು. ಅಲ್ಲಿಯ ಶಕ್ತಿನಗರದಲ್ಲಿ ೧೯೮೫ರಲ್ಲಿ ಕಲ್ಲಿದ್ದಲಿನಿಂದ ವಿದ್ಯುತ್ತನ್ನು ಉತ್ಪಾದಿಸುವ ಕೇಂದ್ರದ ಮೊದಲನೆಯ ಘಟಕವು ಆರಂಭವಾಯಿತು. ಮುಂದೆ ಘಟಕಗಳು ಎಂಟಾಗಿ, ಕೇಂದ್ರದ ಸಾಮರ್ಥ್ಯವು ೧೭೨೦ ಮೆಗಾವಾಟಿಗೆ ಏರಿತು. ಕಲ್ಲಿದ್ದಲು ಸುಟ್ಟಲ್ಲಿ ಬೂದಿ ಇದ್ದೇ ಇರುತ್ತದೆ. ಹಾರುಬೂದಿಯೆಂಬ ಮಾತು ಆ ಸುತ್ತಿನ ಮಕ್ಕಳಿಗೂ ಗೊತ್ತು. ರಾಯಚೂರು ಪಟ್ಟಣದಲ್ಲಿ ಹತ್ತಿಯ ಜಿನ್ನುಗಳಿವೆ, ಮಾನವಿಯ ಕಾಲುವೆಯ ಸೀಮೆಯಲ್ಲಿ ಬತ್ತದ ಗಿರಣಿಗಳಿವೆ, ದೇವದುರ್ಗದ ಕಡೆ ಹತ್ತಿ ಮೆಣಸಿನಕಾಯಿಗಳ ಬೆಳೆಯುಂಟು. ಬೇಸಗೆಯ ಒಣಗಾಳಿಯಂತೂ ಎಲ್ಲರಿಗೂ ಸಮಾನ. ಇಂಥ ಕಡೆ ‘ಅದೇನು ಧೂಳಿನ ಕೆಮ್ಮು’ ಎಂದು ಹೇಳಿ ತಿಂಗಳುಗಟ್ಟಲೆ ಸೀಸೆಯ ಮೇಲೆ ಸೀಸೆ ತರಿಸುವುದು ಸುಲಭ. ಆ ಸುಲಭತನದಲ್ಲಿಯೇ ಅಪಾಯವಿದೆ.

ಮೊದಲು ಈ ಔಷಧವು ಮಾಡುವ ಕೆಲಸವೇನೆಂಬುದನ್ನು ನೋಡೋಣ. ನಮ್ಮ ಶ್ವಾಸನಾಳಗಳ ಒಳಮೈಗೆ ತೆಳ್ಳನೆಯ ಲೋಳೆಯ ಹೊದಿಕೆಯೊಂದುಂಟು. ಅದರಲ್ಲಿ ನೂರಕ್ಕೆ ತೊಂಬತ್ತೈದರಷ್ಟು ಬರಿಯ ನೀರು. ಈ ಹೊದಿಕೆಯ ಅಡಿಯಲ್ಲಿ ಸೂಕ್ಷ್ಮದರ್ಶಕಕ್ಕೆ ಮಾತ್ರ ಕಾಣುವ ರೋಮಗಳು ಗಾಳಿಗೆ ತೂಗುವ ಜೋಳದ ಹೊಲದಂತೆ ಸೆಕೆಂಡಿಗೆ ಹತ್ತು ಸಲಕ್ಕೂ ಮಿಗಿಲಾಗಿ ಬಾಗಿ ಏಳುತ್ತ, ಲೋಳೆಯನ್ನು ಗಂಟಲಿನ ಕಡೆಗೆ ತಳ್ಳುತ್ತಿರುತ್ತವೆ. ನಾವು ಉಸಿರಿನೊಡನೆ ಎಳೆದುಕೊಂಡ ಧೂಳೂ ಕ್ರಿಮಿಗಳೂ ಆ ಲೋಳೆಗೆ ಅಂಟಿಕೊಂಡು ಮೇಲಕ್ಕೆ ಬರುತ್ತವೆ, ನಾವು ತಿಳಿಯದೆಯೇ ಅದನ್ನು ನುಂಗುತ್ತೇವೆ. ಆರೋಗ್ಯವಂತನಿಗೆ ತನ್ನಲ್ಲಿ ಕಫವಿದೆಯೆಂಬ ಅರಿವೇ ಇಲ್ಲದಿರುವುದಕ್ಕೆ ಇದು ಕಾರಣ. ನೆಗಡಿಯ ವಿಷಾಣುಗಳು ಹೊಕ್ಕಾಗ ರೋಮಗಳುಳ್ಳ ಆ ಪದರವು ಅಲ್ಲಲ್ಲಿ ಸುಲಿದುಹೋಗುತ್ತದೆ. ಲೋಳೆಯು ಹೆಚ್ಚಾಗಿ, ಗಟ್ಟಿಯಾಗಿ, ಇದ್ದಲ್ಲೇ ನಿಲ್ಲುತ್ತದೆ. ಆಗ ರೋಮಗಳು ಮಾಡದ ಕೆಲಸವನ್ನು ಕೆಮ್ಮು ಮಾಡಬೇಕಾಗುತ್ತದೆ. ಸುಲಿದ ಪದರವು ಮತ್ತೆ ಬೆಳೆಯುವುದಕ್ಕೆ ವಾರಗಳೇ ಹಿಡಿಯುವುದರಿಂದ ಜ್ವರ ಹೋದರೂ, ಮೂಗು ಕಟ್ಟುವುದು ನಿಂತರೂ ಕೆಮ್ಮು ಉಳಿಯುತ್ತದೆ. ಈ ಒಂದು ಸಂಗತಿಯನ್ನು ನೆನಪಿನಲ್ಲಿಟ್ಟುಕೊಂಡರೆ ಮುಂದಿನ ಮಾತುಗಳೆಲ್ಲ ಸುಲಭವಾಗಿ ತಿಳಿಯುತ್ತವೆ.

ಕಫವನ್ನು ಸಡಿಲಿಸಿ ಹೊರಬರಿಸುವ ಔಷಧಕ್ಕೆ ನಾವಿಲ್ಲಿ ಕಫನಿಸ್ಸಾರಕವೆಂದು ಹೆಸರಿಡುತ್ತೇವೆ. ಹಿಂದಿನ ಆಸ್ಪತ್ರೆಗಳ ಮಿಕ್ಸ್ಚರಿನಲ್ಲಿ ಬ್ರೆಜಿಲ್ ದೇಶದ ಇಪೆಕಾಕ್ ಬೇರೂ ಅಮೋನಿಯದ ಲವಣಗಳೂ ಇರುತ್ತಿದ್ದುವು. ಇವು ಹೊಟ್ಟೆಯ ಒಳಮೈಯನ್ನು ತುಸು ಕೆರಳಿಸುತ್ತವೆ. ಹೊಟ್ಟೆ ಕೆರಳಿದಾಗ ನರದ ಮೂಲಕ ಶ್ವಾಸನಾಳಗಳಿಗೆ ಸೂಚನೆ ಹೋಗಿ, ಅಲ್ಲಿ ತೆಳ್ಳನೆಯ ದ್ರವ ಒಸರುತ್ತದೆ. ಓಕರಿಕೆ ಬರುವ ಮುನ್ನ ಬಾಯಲ್ಲಿ ನೀರೂರುವುದು ಎಲ್ಲರೂ ಬಲ್ಲ ಅನುಭವ. ಇದೂ ಅದೇ ಜಾತಿಯದು. ಆದುದರಿಂದಲೇ ಪ್ರಮಾಣ ಮೀರಿದರೆ ಈ ಔಷಧಗಳಿಂದ ವಾಂತಿಯಾಗುತ್ತದೆ. ಗ್ವಾಯಕಮ್ ಎಂಬ ವೆಸ್ಟ್ ಇಂಡೀಸ್ ದ್ವೀಪಗಳ ಮರದ ಸಂಬಂಧದಿಂದ ಗ್ವಾಯಿಫೆನೆಸಿನ್ ಹುಟ್ಟಿತು. ಅಮೆರಿಕದ ಸರ್ಕಾರ ಅದಕ್ಕೆ ೧೯೫೨ರಲ್ಲಿ ಒಪ್ಪಿಗೆ ಕೊಟ್ಟಿತು. ಅಂಗಡಿಯಲ್ಲಿ ಈಗ ಹೆಚ್ಚಾಗಿ ಸಿಗುವ ಬ್ರೋಮ್‌ಹೆಕ್ಸಿನ್ ಮತ್ತು ಆಂಬ್ರಾಕ್ಸಾಲ್ ಎಂಬುವು ಇನ್ನೊಂದು ಬಗೆಯವು, ಅವು ಲೋಳೆಯ ಅಂಟನ್ನೇ ಸಡಿಲಿಸುತ್ತವೆ. ಇವುಗಳ ವಂಶಾವಳಿ ನಮಗೆ ಸಂತೋಷವನ್ನುಂಟುಮಾಡುವಂಥದು. ನಮ್ಮ ಬೇಲಿಗಳಲ್ಲಿ ಬೆಳೆಯುವ ಆಡುಸೋಗೆಯ ಎಲೆಯಲ್ಲಿ ವಾಸಿಸಿನ್ ಎಂಬ ಸಾರವಿದೆ. ಜರ್ಮನಿಯ ರಸಾಯನಜ್ಞರು ಅದರ ರಚನೆಯನ್ನು ಮಾದರಿಯಾಗಿಟ್ಟುಕೊಂಡು ಬ್ರೋಮ್‌ಹೆಕ್ಸಿನನ್ನು ಸೃಷ್ಟಿಸಿದರು. ಅದು ದೇಹದೊಳಗೆ ಮಾರ್ಪಟ್ಟಾಗ ಆಗುವುದೇ ಆಂಬ್ರಾಕ್ಸಾಲ್. ಅಜ್ಜಿಯ ಕಷಾಯವೂ ಅಂಗಡಿಯ ಸೀಸೆಯೂ ದೂರದ ದಾಯಾದಿಗಳೆಂದಾಯಿತು. (ಹಾಗೆಂದು ಕಷಾಯ ಎಲ್ಲರಿಗೂ ನಿರಪಾಯವಲ್ಲ. ಆಡುಸೋಗೆಗೆ ಗರ್ಭಾಶಯವನ್ನು ಕೆರಳಿಸುವ ಗುಣವಿರುವುದರಿಂದ ಗರ್ಭಿಣಿಯರು ಅದನ್ನು ಮುಟ್ಟದಿರುವುದು ಲೇಸು.)

ಇನ್ನು ಈ ಔಷಧಗಳಿಂದಾಗುವ ಪ್ರಯೋಜನವೆಷ್ಟು? ಜಾಹೀರಾತು ಹೇಳುವಷ್ಟಿಲ್ಲ. ಗ್ವಾಯಿಫೆನೆಸಿನ್ ಬಗ್ಗೆ ದೊಡ್ಡವರ ಮೇಲೆ ನಡೆದ ಎರಡು ಹಳೆಯ ಪರೀಕ್ಷೆಗಳನ್ನು ಪಂಡಿತರು ಪದೇ ಪದೇ ಎತ್ತಿ ಹೇಳುತ್ತಾರೆ. ಒಂದರಲ್ಲಿ ಔಷಧ ಕುಡಿದವರ ಪೈಕಿ ನೂರಕ್ಕೆ ೭೫ ಮಂದಿ ಗುಣ ಕಂಡಿತೆಂದರು. ಔಷಧವಿಲ್ಲದ ಬರಿಯ ಸಿಹಿನೀರು ಕುಡಿದವರಲ್ಲಿ ಹಾಗೆಂದವರು ೩೧ ಮಂದಿ. ಇನ್ನೊಂದರಲ್ಲಿ ಎರಡು ಗುಂಪಿಗೂ ಹೇಳಿಕೊಳ್ಳುವಂಥ ವ್ಯತ್ಯಾಸವೇ ಕಾಣಲಿಲ್ಲ. ಗಟ್ಟಿಯಾದ ಕಫವು ಸಡಿಲವಾಗಿ, ಎದೆ ಹಗುರವೆನಿಸುವಷ್ಟು ಉಪಕಾರವನ್ನು ಕೆಲವರಿಗೆ ಇವು ಮಾಡಬಲ್ಲವು. ಕೆಮ್ಮು ಇರುವ ಒಟ್ಟು ದಿನಗಳನ್ನು ಇವು ಕಡಮೆ ಮಾಡುತ್ತವೆಂಬುದಕ್ಕೆ ಮಾತ್ರ ನೆಚ್ಚತಕ್ಕ ಆಧಾರವಿಲ್ಲ. ವಿಷಾಣುಗಳ ಮೇಲೆ ಇವುಗಳ ಅಧಿಕಾರ ನಡೆಯದು. ಸುಲಿದ ಪದರವನ್ನು ಬೇಗ ಬೆಳೆಸುವ ಶಕ್ತಿಯೂ ಇವುಗಳಿಗಿಲ್ಲ.

ಕೆಮ್ಮು ತಾನಾಗಿ ಎಷ್ಟು ದಿನ ಇರುತ್ತದೆಂಬುದನ್ನು ಈಗ ವಿಚಾರಿಸೋಣ. ಅಮೆರಿಕದ ವೈದ್ಯರು ೨೦೧೩ರಲ್ಲಿ ಇದನ್ನು ಚೆನ್ನಾಗಿ ಲೆಕ್ಕಹಾಕಿದರು. ನೆಗಡಿಯಂಥ ಸಾಧಾರಣ ಕಾರಣದಿಂದ ಹುಟ್ಟಿದ ಕೆಮ್ಮು ಎಷ್ಟು ದಿನದಲ್ಲಿ ಹೋಗುತ್ತದೆಂದು ಸುಮಾರು ಐನೂರು ಮಂದಿಯನ್ನು ಕೇಳಿದಾಗ, ಬಂದ ಉತ್ತರ ಏಳರಿಂದ ಒಂಬತ್ತು ದಿನ. ಪ್ರಕಟವಾಗಿದ್ದ ಪರೀಕ್ಷೆಗಳನ್ನೆಲ್ಲ ಕೂಡಿಸಿ ನೋಡಿದಾಗ ದೊರೆತ ಸರಾಸರಿ ೧೭.೮ ದಿನ. ನಿರೀಕ್ಷೆಗೂ ವಾಸ್ತವಕ್ಕೂ ಇರುವ ಈ ಹತ್ತು ದಿನಗಳ ಅಂತರದಲ್ಲಿ ಎಷ್ಟೋ ಅನರ್ಥಗಳು ಹುಟ್ಟುತ್ತವೆ. ಎಂಟನೆಯ ದಿನ ಕೆಮ್ಮು ನಿಲ್ಲದಿದ್ದರೆ ಔಷಧ ಸಾಲದಾಯಿತೆಂದು ಎರಡನೆಯ ಸೀಸೆ ಬರುತ್ತದೆ. ಹನ್ನೊಂದನೆಯ ದಿನ ಯಾರೋ ಹೇಳಿದರೆಂದು ಪ್ರತಿಜೀವಕದ ಗುಳಿಗೆಗಳು ಬರುತ್ತವೆ. ಹದಿನೆಂಟನೆಯ ದಿನ ಕೆಮ್ಮು ತಾನಾಗಿ ಹೋದಾಗ, ಕಡೆಯಲ್ಲಿ ಕುಡಿದದ್ದಕ್ಕೆ ಕೀರ್ತಿ ಬರುತ್ತದೆ. ಮುಂದಿನ ಚಳಿಗಾಲಕ್ಕೆ ಅದೇ ಮನೆಯ ಸಿದ್ಧೌಷಧವಾಗುತ್ತದೆ. ಕಫದ ಬಣ್ಣ ಹಳದಿ ಹಸುರಾದೊಡನೆ ಬೆದರುವುದೂ ಇದೇ ಜಾತಿಯದು. ನಮ್ಮ ರಕ್ತದ ಬಿಳಿಯ ಕಣಗಳಲ್ಲಿ ಹಸುರು ಬಣ್ಣದ ಕಿಣ್ವವೊಂದಿದೆ. ಆ ಕಣಗಳು ಕಾದಾಡಿ ಸತ್ತಲ್ಲಿ ಕಫಕ್ಕೆ ಬಣ್ಣ ಬರುತ್ತದೆ. ಬಣ್ಣವೊಂದನ್ನೇ ನೋಡಿ ಪ್ರತಿಜೀವಕವನ್ನು ಆರಂಭಿಸತಕ್ಕದ್ದಲ್ಲ.

ಆದುದರಿಂದ ಔಷಧದ ದಿನಗಳೇ ಬೇರೆ, ಕೆಮ್ಮಿನ ದಿನಗಳೇ ಬೇರೆ. ಔಷಧದ ದಿನಗಳನ್ನು ಹೀಗೆ ಎಣಿಸಬಹುದು. ಕೆಮ್ಮು ಒಣಗಿದ್ದರೆ, ಎಂದರೆ ಕಫವೇ ಇಲ್ಲದೆ ಗಂಟಲು ಕೆರೆದು ಬರುವಂಥದಾದರೆ, ಕಫನಿಸ್ಸಾರಕಕ್ಕೆ ಅಲ್ಲಿ ಕೆಲಸವೇ ಇಲ್ಲ. ಕಫವಿದ್ದು, ಅದು ಗಟ್ಟಿಯಾಗಿ ಸುಲಭವಾಗಿ ಬರದೆ ಇದ್ದರೆ ಆರಂಭಿಸಬಹುದು. ಮೂರು ನಾಲ್ಕು ದಿನಗಳಾದ ಮೇಲೆ ನಮ್ಮನ್ನು ನಾವೇ ಒಂದು ಪ್ರಶ್ನೆ ಕೇಳಿಕೊಳ್ಳಬೇಕು: ಕಫ ಮೊದಲಿಗಿಂತ ಸಡಿಲವಾಗಿ ಬರುತ್ತಿದೆಯೇ? ಇಲ್ಲವೆಂದಾದರೆ ಅಂದೇ ನಿಲ್ಲಿಸಬಹುದು. ನಾಲ್ಕು ದಿನದಲ್ಲಿ ಮಾಡದ ಉಪಕಾರವನ್ನು ಅದು ಹದಿನಾಲ್ಕು ದಿನದಲ್ಲಿ ಮಾಡುವುದಿಲ್ಲ. ಹೌದೆಂದಾದರೆ ಐದನೆಯ ದಿನದವರೆಗೆ, ಬಹಳವಾದರೆ ಏಳನೆಯ ದಿನದವರೆಗೆ ಮುಂದುವರಿಸಿ, ಆಮೇಲೆ ಕೆಮ್ಮು ಉಳಿದಿದ್ದರೂ ಬಿಟ್ಟುಬಿಡುವುದು. ಇದು ನಮ್ಮ ಸ್ವಂತ ಕಲ್ಪನೆಯಲ್ಲ. ಜರ್ಮನಿಯಲ್ಲಿ ಆಂಬ್ರಾಕ್ಸಾಲಿನ ಪೆಟ್ಟಿಗೆಯೊಳಗಣ ಕಾಗದವು ವೈದ್ಯರ ಸಲಹೆಯಿಲ್ಲದೆ ನಾಲ್ಕೈದು ದಿನಕ್ಕಿಂತ ಹೆಚ್ಚು ಬಳಸಬಾರದೆನ್ನುತ್ತದೆ. ಗ್ವಾಯಿಫೆನೆಸಿನ್ ಮಾರುವ ಅಮೆರಿಕದ ಪೆಟ್ಟಿಗೆಗಳ ಮೇಲೆ, ಕೆಮ್ಮು ಏಳು ದಿನ ಮೀರಿದರೆ, ಹೋಗಿ ಮರಳಿ ಬಂದರೆ, ಅಥವಾ ಅದರೊಡನೆ ಜ್ವರ, ಮೈಮೇಲೆ ಗಂದೆ, ಬಿಡದ ತಲೆನೋವು ಇದ್ದರೆ ಔಷಧವನ್ನು ನಿಲ್ಲಿಸಿ ವೈದ್ಯರನ್ನು ಕಾಣಿರೆಂದು ಮುದ್ರಿಸಿರುತ್ತದೆ. ನಮ್ಮಲ್ಲಿ ಸೀಸೆಯ ಮೇಲಣ ಅಕ್ಷರಗಳು ಇರುವೆಯ ಸಾಲಿನಷ್ಟು ಚಿಕ್ಕವು. ಓದುವವರು ಕಡಮೆಯಾಗಿರುವುದು ಆಶ್ಚರ್ಯವಲ್ಲ.

ಔಷಧ ಬಿಟ್ಟ ಮೇಲೆ ಉಳಿದ ಕೆಮ್ಮಿಗೆ ಏನು ಮಾಡುವುದೆಂದು ಕೇಳಿದರೆ, ಬಿಸಿನೀರು, ಮಲಗುವ ಮುನ್ನ ಒಂದು ಚಮಚೆ ಜೇನುತುಪ್ಪ, ಬೀಡಿ ಸಿಗರೇಟುಗಳಿಂದಲೂ ಒಲೆಯ ಹೊಗೆಯಿಂದಲೂ ದೂರವಿರುವುದು, ಇಷ್ಟೇ. ಜೇನುತುಪ್ಪದಿಂದ ಮಕ್ಕಳ ರಾತ್ರಿಯ ಕೆಮ್ಮು ತಗ್ಗುತ್ತದೆಂಬುದಕ್ಕೆ ಪರೀಕ್ಷೆಗಳ ಆಧಾರವಿದೆ. ಆದರೆ ಒಂದು ವರ್ಷ ತುಂಬದ ಕೂಸಿಗೆ ಅದನ್ನು ನೆಕ್ಕಿಸಲೇಬಾರದು. ಅದರಲ್ಲಿರಬಹುದಾದ ಒಂದು ಜಾತಿಯ ಬೀಜಾಣುಗಳು ಎಳೆಯ ಕರುಳಿನಲ್ಲಿ ಮೊಳೆತು, ಸ್ನಾಯುಗಳ ಶಕ್ತಿಯನ್ನೇ ಹೀರುವ ವಿಷವನ್ನುಂಟುಮಾಡುತ್ತವೆ.

ಈಗ ಮುಖ್ಯವಾದ ಮಾತಿಗೆ ಬರೋಣ. ಉಳಿದ ಕೆಮ್ಮನ್ನು ಸಹನೆಯಿಂದ ಕಾಯಿರೆಂದೆವು. ಎಷ್ಟು ಕಾಯಬೇಕೆಂಬುದಕ್ಕೂ ಮಿತಿಯುಂಟು. ವೈದ್ಯರು ಮೂರು ವಾರದೊಳಗಿನದನ್ನು ಸ್ವಲ್ಪಕಾಲದ ಕೆಮ್ಮೆಂದೂ, ಎಂಟು ವಾರ ಮೀರಿದ್ದನ್ನು ದೀರ್ಘಕಾಲದ ಕೆಮ್ಮೆಂದೂ ವಿಂಗಡಿಸುತ್ತಾರೆ. ನಮ್ಮ ದೇಶದ ಕ್ಷಯನಿವಾರಣ ಕಾರ್ಯಕ್ರಮವಾದರೋ ಮೂರು ವಾರ ಕಾಯುವುದಿಲ್ಲ. ಎರಡು ವಾರ ಅಥವಾ ಅದಕ್ಕೆ ಮೀರಿ ಕೆಮ್ಮಿದವರೆಲ್ಲರ ಕಫವನ್ನೂ ಪರೀಕ್ಷಿಸಬೇಕೆಂಬುದು ಅದರ ನಿಯಮ. ಸರಾಸರಿ ಹದಿನೆಂಟು ದಿನ ಇರತಕ್ಕ ನೆಗಡಿಯ ಕೆಮ್ಮನ್ನು ಹದಿನಾಲ್ಕನೆಯ ದಿನವೇ ಪರೀಕ್ಷೆಗೆ ಒಯ್ದರೆ, ಏನೂ ಇಲ್ಲದ ಬಹುಮಂದಿ ಆಸ್ಪತ್ರೆಯ ಬಾಗಿಲಿಗೆ ಬರುವರಲ್ಲ ಎಂದು ಶ್ರೋತೃಗಳು ಆಕ್ಷೇಪಿಸಬಹುದು. ಬರುವುದು ನಿಜ, ನಿಯಮವನ್ನು ಮಾಡಿದವರಿಗೆ ಇದು ತಿಳಿದೇ ಇತ್ತು. ಕಫದ ಪರೀಕ್ಷೆಗೆ ನೋವಿಲ್ಲ, ಸರ್ಕಾರದ ಆಸ್ಪತ್ರೆಯಲ್ಲಿ ಖರ್ಚೂ ಇಲ್ಲ. ಚಿಕಿತ್ಸೆಯಿಲ್ಲದ ಕ್ಷಯರೋಗಿಯೊಬ್ಬನಾದರೋ ಒಂದು ವರ್ಷದಲ್ಲಿ ತನ್ನ ಮನೆಯವರನ್ನೂ ನೆರೆಯವರನ್ನೂ ಸೇರಿಸಿ ಹತ್ತು ಮಂದಿಗೆ ಸೋಂಕನ್ನು ಅಂಟಿಸಬಲ್ಲನು. ಹತ್ತಾರು ಮಂದಿ ಸುಮ್ಮನೆ ಬಂದು ಹೋದರೂ ಒಬ್ಬನು ತಪ್ಪಿಹೋಗದಿರುವುದು ಮೇಲೆಂಬ ಲೆಕ್ಕ ಇದರಲ್ಲಿ ಅಡಗಿದೆ.

ತಪ್ಪಿಹೋದರೆ ಏನಾಗುವುದೆಂಬುದನ್ನು ನಮ್ಮ ಕನ್ನಡನಾಡಿನಲ್ಲಿಯೇ ನಡೆದ ಶೋಧನೆಯೊಂದು ತೋರಿಸಿಕೊಟ್ಟಿತು. ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯು ೧೯೫೯ರಲ್ಲಿ ಸ್ಥಾಪಿತವಾಯಿತು. ಅಲ್ಲಿದ್ದ ಬ್ಯಾನರ್ಜಿ ಮತ್ತು ಆಂಡರ್ಸನ್ ಎಂಬಿಬ್ಬರು ವಿದ್ವಾಂಸರು ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಕ್ಷಯವಿದ್ದವರನ್ನು ಮನೆಮನೆಗೆ ಹೋಗಿ ಮಾತನಾಡಿಸಿ, ಕಂಡದ್ದನ್ನು ೧೯೬೩ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಹಳ್ಳಿಯವರು ಅಜ್ಞರು, ರೋಗದ ಅರಿವೇ ಅವರಿಗಿಲ್ಲ, ಆದುದರಿಂದ ಆಸ್ಪತ್ರೆಗೆ ಬರುವುದಿಲ್ಲ ಎಂಬುದು ಅಂದಿನ ವಿದ್ಯಾವಂತರ ನಂಬಿಕೆಯಾಗಿತ್ತು. ಶೋಧನೆಯಲ್ಲಿ ತಿಳಿದುಬಂದದ್ದು ಇದಕ್ಕೆ ತೀರ ವಿರುದ್ಧವಾದ ಸಂಗತಿ. ಕಫದಲ್ಲಿ ಕ್ರಿಮಿಗಳಿದ್ದವರ ಪೈಕಿ ಬಹುತೇಕ ಎಲ್ಲರಿಗೂ ತಮ್ಮ ದೇಹದಲ್ಲಿ ಏನೋ ಕೆಟ್ಟಿದೆಯೆಂಬ ಅರಿವಿತ್ತು. ಹೆಚ್ಚಿನವರು ಅದಕ್ಕಾಗಿ ಚಿಂತಿಸುತ್ತಲೂ ಇದ್ದರು. ಸುಮಾರು ಅರ್ಧದಷ್ಟು ಜನ ಆಗಲೇ ವೈದ್ಯಶಾಲೆಯ ಮೆಟ್ಟಿಲು ಹತ್ತಿ ಇಳಿದಿದ್ದರು. ಅಲ್ಲಿ ಅವರಿಗೆ ಸಿಕ್ಕದ್ದೇನು? ಕೆಮ್ಮಿನ ಮಿಕ್ಸ್ಚರಿನ ಸೀಸೆ. ಕಫವನ್ನು ಯಾರೂ ನೋಡಲಿಲ್ಲ. ಸೀಸೆಯನ್ನು ಕೈಯಲ್ಲಿ ಹಿಡಿದು ಅವರು ಮನೆಗೆ ಮರಳಿದರು, ಕ್ಷಯವೂ ಅವರ ಜೊತೆಯಲ್ಲಿಯೇ ಮರಳಿತು. ದೇಶದ ಕ್ಷಯನಿವಾರಣೆಯ ಏರ್ಪಾಟನ್ನು ಸಾಮಾನ್ಯ ಆಸ್ಪತ್ರೆಗಳೊಡನೆಯೇ ಕೂಡಿಸಬೇಕೆಂಬ ನಿರ್ಧಾರಕ್ಕೆ ಈ ಶೋಧನೆ ದೊಡ್ಡ ಆಧಾರವಾಯಿತು.

ಅರುವತ್ತು ವರ್ಷಗಳು ಕಳೆದಿವೆ. ಈಗ ಸರ್ಕಾರದ ಆಸ್ಪತ್ರೆಯಲ್ಲಿ ಕಫವನ್ನು ನೋಡುವ ವ್ಯವಸ್ಥೆಯಿದೆ. ಅಂದು ವೈದ್ಯಶಾಲೆ ಮಾಡಿದ ಕೆಲಸವನ್ನು ಇಂದು ನಾವು ನಮ್ಮ ಮನೆಗಳಲ್ಲಿಯೇ ಮಾಡಿಕೊಳ್ಳುತ್ತಿದ್ದೇವೆ. ಒಂದು ಸೀಸೆಗೆ ಒಂದು ವಾರವೆಂದರೂ ನಾಲ್ಕು ಸೀಸೆಗೆ ಒಂದು ತಿಂಗಳಾಯಿತು. ಸೀಸೆಯೇನೂ ಕ್ಷಯವನ್ನು ಹೆಚ್ಚಿಸುವುದಿಲ್ಲ. ಚಿಕಿತ್ಸೆ ನಡೆಯುತ್ತಿದೆಯೆಂಬ ಸಮಾಧಾನವನ್ನು ಕೊಟ್ಟು ಎಣಿಕೆಯನ್ನು ಮರೆಸುತ್ತದೆ. ಅಂಗಡಿಯಲ್ಲಿ ಕೇಳಿ ತಂದ ಕೆಲವು ಪ್ರತಿಜೀವಕಗಳು ಇನ್ನೂ ಕೇಡು ಮಾಡುತ್ತವೆ. ಲೆವೊಫ್ಲಾಕ್ಸಸಿನ್ ಮುಂತಾದುವು ಕ್ಷಯದ ಕ್ರಿಮಿಯನ್ನು ತಾತ್ಕಾಲಿಕವಾಗಿ ತಗ್ಗಿಸಿ, ರೋಗವು ಬೇಗ ಬೆಳಕಿಗೆ ಬಾರದಂತೆ ಮಾಡುತ್ತವೆ. ನಮ್ಮ ಪ್ರಾಚೀನ ವೈದ್ಯರು ಕಾಸವನ್ನು ಐದು ಬಗೆಯಾಗಿ ವಿಂಗಡಿಸಿ, ಕ್ಷಯದಿಂದ ಹುಟ್ಟಿದ ಕಾಸವನ್ನು ವಾತ ಪಿತ್ತ ಕಫಗಳ ಕಾಸದಿಂದ ಬೇರೆಯಾಗಿ ಎಣಿಸಿದ್ದರೆಂಬುದನ್ನು ಇಲ್ಲಿ ಸ್ಮರಿಸಬಹುದು. ಎಲ್ಲ ಕೆಮ್ಮನ್ನೂ ಒಂದೇ ಸೀಸೆಯಲ್ಲಿ ಅಡಗಿಸುವ ಅಭ್ಯಾಸ ಚರಕನ ಕಾಲದ್ದಲ್ಲ, ನಮ್ಮ ಕಾಲದ್ದು.

ಧೂಳಿನ ಕಸುಬಿನವರ ವಿಷಯದಲ್ಲಿ ಇದನ್ನೇ ಇನ್ನಷ್ಟು ಒತ್ತಿ ಹೇಳಬೇಕಾಗಿದೆ. ಜಿನ್ನಿನಲ್ಲಿ ದುಡಿಯುವವನು, ಗಿರಣಿಯಲ್ಲಿ ತೌಡಿನ ಧೂಳಿನ ನಡುವೆ ನಿಲ್ಲುವವನು, ಬೂದಿ ತುಂಬುವ ಲಾರಿಯವನು ತನ್ನ ಕೆಮ್ಮಿಗೆ ಕಾರಣ ಗೊತ್ತೇ ಇದೆಯೆಂದು ತಿಳಿದಿರುತ್ತಾನೆ. ಅವನೆನ್ನುವುದು ಅರ್ಧ ನಿಜ. ಹತ್ತಿಯ ಧೂಳಿನಿಂದ ಬರುವ ಎದೆಯ ಬಿಗಿತವು ವಾರದ ರಜೆ ಮುಗಿಸಿ ಕೆಲಸಕ್ಕೆ ಮರಳಿದ ದಿನ ಹೆಚ್ಚಾಗುವುದರಿಂದ ಅದಕ್ಕೆ ಸೋಮವಾರದ ರೋಗವೆಂದೇ ಹೆಸರು ಬಂದಿದೆ. ಆದರೆ ಈ ಕೆಮ್ಮಿಗೂ ಕಫನಿಸ್ಸಾರಕ ಔಷಧವಲ್ಲ. ಧೂಳು ಒಳಗೆ ಹೋಗುತ್ತಿರುವವರೆಗೆ ಯಾವ ಸೀಸೆಯೂ ಅದನ್ನು ನಿಲ್ಲಿಸಲಾರದು. ಇನ್ನು, ಗಣಿಗಳಲ್ಲಿಯೂ ಕಲ್ಲು ಒಡೆಯುವಲ್ಲಿಯೂ ಸಿಲಿಕಾ ಧೂಳನ್ನು ಕುಡಿದ ಶ್ವಾಸಕೋಶಕ್ಕೆ ಕ್ಷಯವು ಇತರರಿಗಿಂತ ಬಹಳ ಸುಲಭವಾಗಿ ಹತ್ತುತ್ತದೆ. ಲಿಂಗಸುಗೂರು ತಾಲೂಕಿನ ಹಟ್ಟಿಯಲ್ಲಿ ಚಿನ್ನದ ಗಣಿಯಿರುವ ನಮ್ಮ ಜಿಲ್ಲೆಯಲ್ಲಿ ಇದು ಪುಸ್ತಕದ ಮಾತಾಗಿ ಉಳಿಯುವಂಥದಲ್ಲ. ಧೂಳಿನಲ್ಲಿ ದುಡಿಯುವವನಿಗೆ ಎರಡು ವಾರದ ನಿಯಮದಿಂದ ವಿನಾಯತಿಯಿಲ್ಲ; ಅವನೇ ಅದನ್ನು ಎಲ್ಲರಿಗಿಂತ ಮೊದಲು ಪಾಲಿಸತಕ್ಕವನು.

ಸೀಸೆಯೊಳಗೆ ಕಫನಿಸ್ಸಾರಕವೊಂದೇ ಇರುವುದು ಅಪರೂಪವೆಂಬುದನ್ನೂ ತಿಳಿಸಬೇಕು. ಒಂದೇ ಸೀಸೆಯಲ್ಲಿ ಕಫವನ್ನು ಹೊರಡಿಸುವುದು, ಕೆಮ್ಮನ್ನು ಅಡಗಿಸುವುದು, ಮೂಗಿನ ನೀರನ್ನು ಒಣಗಿಸಿ ನಿದ್ದೆ ಬರಿಸುವುದು ಹೀಗೆ ಮೂರು ನಾಲ್ಕು ದ್ರವ್ಯಗಳನ್ನು ಬೆರಸಿರುತ್ತಾರೆ. ಕಫವನ್ನು ಸಡಿಲಿಸಿ, ಅದನ್ನು ಹೊರಹಾಕತಕ್ಕ ಕೆಮ್ಮನ್ನೇ ಕಟ್ಟಿಹಾಕುವುದು ಕಸವನ್ನು ಗುಡ್ಡೆಮಾಡಿ ಬಾಗಿಲು ಮುಚ್ಚಿದಂತೆ. ೨೦೨೩ರ ಜೂನಿನಲ್ಲಿ ಭಾರತ ಸರ್ಕಾರವು ಆಧಾರವಿಲ್ಲದ ಹದಿನಾಲ್ಕು ಮಿಶ್ರಣಗಳನ್ನು ನಿಷೇಧಿಸಿತು. ಅವುಗಳಲ್ಲಿ ಹಲವು ಕೆಮ್ಮಿನವೇ. ಬ್ರೋಮ್‌ಹೆಕ್ಸಿನನ್ನು ಕೆಮ್ಮಡಗಿಸುವ ಡೆಕ್ಸ್‌ಟ್ರೊಮೆಥಾರ್ಫನಿನೊಡನೆ ಬೆರಸಿದ್ದೂ ಆ ಪಟ್ಟಿಯಲ್ಲಿತ್ತು. ಉಬ್ಬಸದ ಔಷಧವಾದ ಟರ್ಬುಟಲಿನ್ ಅಥವಾ ಸಾಲ್ಬುಟಮಾಲ್ ಬೆರೆತ ಸೀಸೆಗಳು ಈಗಲೂ ಉಂಟು. ಉಬ್ಬಸವಿಲ್ಲದವರು ಅದನ್ನು ಕುಡಿದು, ಕೈ ನಡುಗಿ, ಎದೆ ಡವಗುಟ್ಟಿದಾಗ ಇದು ಕೆಮ್ಮಿನ ಬಾಧೆಯೇ ಎಂದುಕೊಳ್ಳುತ್ತಾರೆ. ಮಧುಮೇಹಿಗಳು ಸಕ್ಕರೆಯ ಪಾಕವನ್ನು ನೆನೆಯಬೇಕು. ಹೊಟ್ಟೆಯಲ್ಲಿ ಹುಣ್ಣಿದ್ದವರು ಆಂಬ್ರಾಕ್ಸಾಲ್ ಬ್ರೋಮ್‌ಹೆಕ್ಸಿನ್‌ಗಳನ್ನು ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳಬೇಕು. ಇವುಗಳಿಂದ ಅತಿ ವಿರಳವಾಗಿ ಚರ್ಮದ ಮೇಲೆ ಘೋರವಾದ ಗುಳ್ಳೆಗಳೇಳುವುದುಂಟೆಂದು ಯೂರೋಪಿನ ಔಷಧಾಧಿಕಾರಿಗಳು ೨೦೧೫ರಲ್ಲಿ ಎಚ್ಚರಿಕೆ ಕೊಟ್ಟಿದ್ದಾರೆ. ಮೈಮೇಲೆ ದದ್ದು ಕಂಡರೆ ಆ ಕ್ಷಣವೇ ಬಿಡುವುದು.

ಮಕ್ಕಳ ವಿಷಯದಲ್ಲಿ ದಿನಗಳ ಲೆಕ್ಕವೇ ಬೇಡ. ೨೦೨೫ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರದ ಆರೋಗ್ಯ ನಿರ್ದೇಶನಾಲಯವು, ಎರಡು ವರ್ಷದೊಳಗಿನ ಮಕ್ಕಳಿಗೆ ಕೆಮ್ಮು ನೆಗಡಿಯ ಔಷಧವನ್ನು ಕೊಡಲೇಕೂಡದೆಂದೂ, ಐದು ವರ್ಷದೊಳಗಿನವರಿಗೆ ಸಾಮಾನ್ಯವಾಗಿ ಬೇಡವೆಂದೂ ತಿಳಿಸಿತು. ಆ ಸೂಚನೆಗೆ ಕಾರಣವಾದ ಸಂಗತಿ ಶ್ರೋತೃಗಳಿಗೆ ನೆನಪಿರಬಹುದು. ಮಧ್ಯಪ್ರದೇಶದ ಛಿಂದ್ವಾಡಾದಲ್ಲಿ ಇಪ್ಪತ್ತಕ್ಕೂ ಹೆಚ್ಚು ಎಳೆಯ ಮಕ್ಕಳು ಕೆಮ್ಮಿನ ಪಾಕವನ್ನು ಕುಡಿದು, ಮೂತ್ರ ನಿಂತು, ಮೂತ್ರಪಿಂಡ ಕೆಟ್ಟು ತೀರಿಕೊಂಡರು. ಪರೀಕ್ಷೆಮಾಡಿದಾಗ ಆ ಪಾಕದಲ್ಲಿ ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷ ನೂರಕ್ಕೆ ೪೮ಕ್ಕಿಂತ ಹೆಚ್ಚಾಗಿತ್ತು; ಇರಬಹುದಾದ ಮಿತಿ ೦.೧. ಔಷಧದ ಪಾಕಕ್ಕೆ ಬಳಸತಕ್ಕ ಶುದ್ಧ ದ್ರಾವಕದ ಬದಲು ಕಾರ್ಖಾನೆಗಳ ಅಗ್ಗದ ದ್ರಾವಕ ಸೇರಿದಾಗ ಹೀಗಾಗುತ್ತದೆ. ಕಣ್ಣಿಗೆ ಎರಡೂ ಒಂದೇ, ನಾಲಗೆಗೆ ಎರಡೂ ಸಿಹಿ. ೧೯೩೭ರಲ್ಲಿ ಅಮೆರಿಕದಲ್ಲಿ ನೂರಕ್ಕೂ ಮಿಕ್ಕು ಜನ ಇದೇ ವಿಷದಿಂದ ಸತ್ತು, ಮರುವರ್ಷ ಅಲ್ಲಿ ಔಷಧಗಳ ಹೊಸ ಕಾಯಿದೆಯೇ ಬಂದಿತು. ೨೦೨೨ರಲ್ಲಿ ಆಫ್ರಿಕದ ಗ್ಯಾಂಬಿಯಾದಲ್ಲಿ ಸುಮಾರು ಎಪ್ಪತ್ತು ಮಕ್ಕಳು ಸತ್ತರು. ಎಂಬತ್ತೆಂಟು ವರ್ಷಗಳ ಹಿಂದೆಯೇ ತಿಳಿದ ವಿಷವು ಮತ್ತೆ ಮತ್ತೆ ಸೀಸೆಯೊಳಗೆ ಬರುತ್ತಿರುವುದು ಔಷಧ ತಯಾರಿಸುವವರಿಗೂ ಅದನ್ನು ಪರೀಕ್ಷಿಸಬೇಕಾದವರಿಗೂ ನಾಚಿಕೆಗೇಡು. ತಾಯಂದಿರು ಮಾಡಬಹುದಾದದ್ದು ಒಂದುಂಟು: ತನ್ನಷ್ಟಕ್ಕೆ ಹೋಗತಕ್ಕ ಕೆಮ್ಮಿಗೆ ಎಳೆಯ ಮಗುವಿಗೆ ಪಾಕವನ್ನೇ ಕುಡಿಸದಿರುವುದು.

ಎರಡು ವಾರವನ್ನೂ ಕಾಯದೆ, ಔಷಧವನ್ನೂ ಆರಂಭಿಸದೆ ವೈದ್ಯರ ಬಳಿಗೆ ಓಡಬೇಕಾದ ಸಂದರ್ಭಗಳನ್ನು ಬೇಗನೆ ಹೇಳಿಬಿಡುತ್ತೇವೆ. ಕಫದಲ್ಲಿ ರಕ್ತ, ಉಸಿರು ಎಳೆಯಲು ಕಷ್ಟ, ಎದೆಯಲ್ಲಿ ಚುಚ್ಚುವ ನೋವು, ಇಳಿಯದ ಜ್ವರ, ಸಂಜೆಯ ಜ್ವರದೊಡನೆ ಮೈ ಕರಗುವುದು, ರಾತ್ರಿ ಬೆವರಿ ಹಾಸಿಗೆ ತೊಯ್ಯುವುದು. ಆಡುತ್ತಿದ್ದ ಮಗು ಒಮ್ಮೆಲೆ ಕೆಮ್ಮಲಾರಂಭಿಸಿದರೆ ಶೇಂಗಾಬೀಜವೋ ಕಡಲೆಯೋ ಶ್ವಾಸನಾಳಕ್ಕೆ ಹೋಗಿರಬಹುದು. ಕೆಮ್ಮಿ ಕೆಮ್ಮಿ ಕೊನೆಗೆ ಕೂಗಿನಂತೆ ಉಸಿರೆಳೆಯುವ ಮಗುವಿಗೆ ನಾಯಿಕೆಮ್ಮು ಇರಬಹುದು. ವಿದ್ಯಾವಂತ ಕುಟುಂಬಗಳಲ್ಲಿಯೂ ಹೊಳೆಯದೆ ಹೋಗುವ ಇನ್ನೊಂದು ಕಾರಣವಿದೆ. ರಕ್ತದೊತ್ತಡಕ್ಕಾಗಿ ಎನಾಲಾಪ್ರಿಲ್, ರಾಮಿಪ್ರಿಲ್ ಜಾತಿಯ ಗುಳಿಗೆ ಸೇವಿಸುವ ಹಿರಿಯರಲ್ಲಿ ಕೆಲವರಿಗೆ ಅದೇ ಗುಳಿಗೆಯಿಂದ ಬಿಡದ ಒಣಕೆಮ್ಮು ಬರುತ್ತದೆ. ಅದಕ್ಕೆ ಸೀಸೆಗಳನ್ನೆಷ್ಟು ತಂದರೂ ವ್ಯರ್ಥ. ಗುಳಿಗೆಯನ್ನು ತಾವೇ ಬಿಡದೆ, ವೈದ್ಯರಿಗೆ ಹೇಳಿ ಬೇರೊಂದಕ್ಕೆ ಬದಲಾಯಿಸಿಕೊಂಡರೆ ಕೆಮ್ಮು ಕೆಲವು ವಾರಗಳಲ್ಲಿ ಇಳಿಯುತ್ತದೆ.

ಇನ್ನು ಎಣಿಕೆಯ ಮಾತು. ಕೆಮ್ಮು ಎಂದು ಆರಂಭವಾಯಿತೆಂದು ಹದಿನೈದು ದಿನಗಳ ಮೇಲೆ ಕೇಳಿದರೆ ಯಾರಿಗೂ ನೆನಪಿರುವುದಿಲ್ಲ. ‘ಮೊನ್ನೆ ಮೊನ್ನೆ’ ಎಂದೇ ಎಲ್ಲರೂ ಹೇಳುತ್ತಾರೆ. ಸೀಸೆಯನ್ನು ಮನೆಗೆ ತಂದ ದಿನವೇ ಅದರ ಚೀಟಿಯ ಮೇಲೆ ಕೆಮ್ಮು ಹುಟ್ಟಿದ ತಾರೀಖನ್ನೂ, ಔಷಧ ನಿಲ್ಲಿಸಬೇಕಾದ ತಾರೀಖನ್ನೂ ಬರೆದಿಡುವುದು ಒಳ್ಳೆಯದು. ಹದಿನಾಲ್ಕನೆಯ ದಿನವನ್ನು ಗೋಡೆಯ ತಾರೀಖುಪಟ್ಟಿಯಲ್ಲಿ ಗುರುತುಹಾಕಿರಬೇಕು. ಆ ದಿನಕ್ಕೂ ಕೆಮ್ಮು ಇದ್ದರೆ ರಾಯಚೂರಿನವರು ಜಿಲ್ಲೆಯ ದೊಡ್ಡ ಆಸ್ಪತ್ರೆಗೂ, ದೇವದುರ್ಗ ಮಾನವಿಗಳವರು ತಂತಮ್ಮ ತಾಲೂಕು ಆಸ್ಪತ್ರೆಗೂ, ಶಕ್ತಿನಗರದಂಥ ಊರುಗಳವರು ಹತ್ತಿರದ ಸರ್ಕಾರಿ ಆರೋಗ್ಯಕೇಂದ್ರಕ್ಕೂ ಹೋಗಿ ಕಫವನ್ನು ಕೊಡಬಹುದು. ಸಾಮಾನ್ಯವಾಗಿ ಎರಡು ಸಲ ಕೇಳುತ್ತಾರೆ: ಹೋದಾಗ ಒಮ್ಮೆ, ಮರುದಿನ ಬೆಳಗ್ಗೆ ಎದ್ದೊಡನೆ ತೆಗೆದದ್ದು ಒಮ್ಮೆ. ಬೆಳಗಿನದರಲ್ಲಿ ಕ್ರಿಮಿಗಳು ಸಿಗುವ ಸಂಭವ ಹೆಚ್ಚು. ಬಾಯಿಯನ್ನು ಬರಿಯ ನೀರಿನಿಂದ ಮುಕ್ಕಳಿಸಿ, ಎರಡು ಮೂರು ಸಲ ದೀರ್ಘವಾಗಿ ಉಸಿರೆಳೆದು, ಎದೆಯ ಆಳದಿಂದ ಕೆಮ್ಮಿ ತೆಗೆಯಬೇಕು. ಉಗುಳು ಪ್ರಯೋಜನಕ್ಕೆ ಬಾರದು. ಮನೆಯವರ ನಡುವೆ ನಿಂತು ತೆಗೆಯದೆ, ಬಯಲಿನಲ್ಲಿಯೋ ಗಾಳಿಯಾಡುವ ಅಂಗಳದಲ್ಲಿಯೋ ತೆಗೆದು, ಡಬ್ಬಿಯ ಮುಚ್ಚಳವನ್ನು ಬಿಗಿದು ಒಯ್ಯುವುದು. ಕ್ಷಯವೆಂದು ಗೊತ್ತಾದರೆ ಸಾಧಾರಣವಾಗಿ ಆರು ತಿಂಗಳ ಚಿಕಿತ್ಸೆ, ಗುಳಿಗೆಗಳಿಗೆ ಹಣವಿಲ್ಲ. ಪೌಷ್ಟಿಕ ಆಹಾರಕ್ಕೆಂದು ಸರ್ಕಾರವು ರೋಗಿಗೆ ತಿಂಗಳಿಗೆ ಕೊಡುವ ನೆರವನ್ನು ೨೦೨೪ರ ನವೆಂಬರಿನಿಂದ ಐನೂರು ರೂಪಾಯಿಗಳಿಂದ ಒಂದು ಸಾವಿರಕ್ಕೆ ಏರಿಸಲಾಗಿದೆ. ಆಸ್ಪತ್ರೆಗೆ ಹೋಗುವಾಗ ಅದುವರೆಗೆ ಕುಡಿದ ಸೀಸೆಯನ್ನೂ, ನುಂಗಿದ ಗುಳಿಗೆಗಳ ಪಟ್ಟಿಯನ್ನೂ ಜೊತೆಯಲ್ಲಿ ಒಯ್ದು ವೈದ್ಯರಿಗೆ ತೋರಿಸತಕ್ಕದ್ದು.